ಹಳೆ ಕ್ಷೌರದ ಕತ್ತಿ ಕೊಳ್ಳುತ್ತೀರಾ? ಮೊದಲು ಬೆನ್ನು ನೋಡಿ

ಹೋದ ವರ್ಷ ಹುಬ್ಬಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ಕೊಂಡ ಕ್ಷೌರದ ಕತ್ತಿ ಈಗ ನಮ್ಮ ಮನೆಯಲ್ಲಿ ಲಕೋಟೆ ಬಿಚ್ಚುವ ಕೆಲಸ ಮಾಡುತ್ತಿದೆ. ಬುಡದಲ್ಲಿ ಕತ್ತಿ-ಚಾಕುಗಳಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್ ಊರಿನ ಹೆಸರು, ಬಾಯಿ ಫಳಫಳ. ಮರುಳಾದೆ. ನಮ್ಮ ಓಣಿಯ ಸಲೂನಿನ ಕಾಕಾನ ಕೈಗೆ ಕೊಟ್ಟರೆ ಅವರು ಬಾಯಿ ಕಡೆ ನೋಡಲೇ ಇಲ್ಲ. ಕತ್ತಿ ತಿರುಗಿಸಿ, "ಬೆನ್ನ ನೋಡಿ ತಗೊಂಡೀಯೇನೋ ತಮ್ಮಾ?" ಅಂದರು. ಎಲ್ಲಿ ನೋಡಿದ್ದೆ!

ಅಡುಗೆಮನೆಯ ಚಾಕು ಮಸೆಯುವಾಗ ಬೆನ್ನು ಎತ್ತಿ ಹಿಡಿಯುತ್ತೇವೆ, ಅಲ್ವಾ? ಈ ಮಡಚುವ ಕತ್ತಿ ಹಾಗಲ್ಲ. ಸಾಣೆಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುವಂತೆ ಮಸೆಯಬೇಕು. ಬಾಯಿಯ ಕೋನ ಎಷ್ಟಿರಬೇಕು ಅನ್ನುವುದು ಬೆನ್ನಿನ ದಪ್ಪದ ಮೇಲೆಯೇ ನಿಂತಿದೆ. ಹಾಗಾಗಿ ಪ್ರತಿ ಸಲ ಬಾಯಿಯ ಜೊತೆ ಬೆನ್ನೂ ಸ್ವಲ್ಪ ಸವೆಯುತ್ತದೆ. ಬಾಯಿಗೆ ಹೊಳಪು ಕೊಡಲು ಹತ್ತು ನಿಮಿಷ ಸಾಕು, ಹೋದ ಬೆನ್ನು ಮಾತ್ರ ತಿರುಗಿ ಬರುವುದಿಲ್ಲ.

ಅಂಗಡಿಯಿಂದ ಹೊರಗೆ, ಬಿಸಿಲಿಗೆ ಬನ್ನಿ. ಕತ್ತಿಯನ್ನು ಬಟ್ಟೆಯಿಂದ ಒರೆಸಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ, ಇಲ್ಲದಿದ್ದರೆ ಬೆರಳು ಹೋದೀತು. ಈಗ ಬೆನ್ನಿನ ಎರಡೂ ಮಗ್ಗುಲಲ್ಲಿ ಚಪ್ಪಟೆಯಾದ, ಹೊಳೆಯುವ ಒಂದೊಂದು ಪಟ್ಟಿ ಕಾಣುತ್ತದೆ. ಪಟ್ಟಿ ಇದೆ ಅಂತ ಹೆದರಬೇಡಿ, ಬಳಸಿದ ಕತ್ತಿಗೆ ಅದು ಇದ್ದೇ ಇರುತ್ತದೆ. ಬುಡದಿಂದ ತುದಿಯವರೆಗೆ ಅಗಲ ಒಂದೇ ಇದೆಯಾ, ಅದನ್ನು ನೋಡಿ.

ಎರಡೂ ಮಗ್ಗುಲಲ್ಲಿ ತುದಿಯ ಹತ್ತಿರವೇ ಅಗಲವಾಗಿದ್ದರೆ ಮಸೆದವರು ಅಲ್ಲೇ ಬೆರಳು ಒತ್ತಿದ್ದಾರೆ ಅಂತ ಸಾಮಾನ್ಯವಾಗಿ ತಿಳಿಯಬಹುದು, ಅಥವಾ ಅವರ ಕಲ್ಲೇ ನಡುವೆ ತಗ್ಗು ಬಿದ್ದಿರಬಹುದು. ಆದರೆ ಒಂದು ಮಗ್ಗುಲಲ್ಲಿ ಎರಡು ತುದಿಗಳು ಅಗಲ, ಅದರ ಆಚೆ ಮಗ್ಗುಲಲ್ಲಿ ನಡು ಅಗಲ ಇದ್ದರೆ ಕತ್ತಿಯೇ ಬಾಗಿದೆ. ತಗ್ಗಿದ ಕಡೆ ತುದಿಗಳಷ್ಟೇ ಕಲ್ಲಿಗೆ ತಾಗುತ್ತವೆ, ಉಬ್ಬಿದ ಕಡೆ ನಡುವಷ್ಟೇ ತಾಗುತ್ತದೆ, ಲೆಕ್ಕ ಸರಳ. ನನ್ನದು ಇದೇ ಜಾತಿ. ಇನ್ನು ಕೆಲವು ಕತ್ತಿಗಳ ಬೆನ್ನು ಕಾರ್ಖಾನೆಯಿಂದಲೇ ಒಂದು ಕಡೆ ದಪ್ಪ ಇರುತ್ತದೆ, ಆಗ ದಪ್ಪ ಇದ್ದ ಕಡೆ ಪಟ್ಟಿ ಅಗಲ ಕಾಣುತ್ತದೆ. ಪಾಪ, ಮಸೆದವರನ್ನು ಸುಮ್ನೆ ಬೈಯಬೇಡಿ.

ಅನುಮಾನ ಬಂದರೆ ಅಂಗಡಿಯ ಗಾಜಿನ ಮೇಜಿನ ಮೇಲೆ ಕತ್ತಿಯನ್ನು ಮಲಗಿಸಿ, ಬುಡಕ್ಕೊಮ್ಮೆ ತುದಿಗೊಮ್ಮೆ ಮೆಲ್ಲಗೆ ಬೆರಳು ಇಡಿ. ಟಕ್ ಟಕ್ ಅಂತ ಅಲ್ಲಾಡಿದರೆ ಸಪಾಟಾಗಿಲ್ಲ ಅಂತಲೇ. ಮೊಬೈಲ್ ಪರದೆ ಮೇಲೆ ಮಾತ್ರ ಈ ಪ್ರಯೋಗ ಬೇಡ! ಬಾಯಿಯ ಬುಡದಲ್ಲಿ ಹಿಡಿಯ ಕಡೆಗೆ ದಪ್ಪ ಗಂಟು ಇರುತ್ತದೆ, ಅದು ಗಾಜಿಗೆ ತಾಗುತ್ತಿದೆಯಾ ಅಂತಲೂ ನೋಡಿ. ಬಾಯಿ ಸವೆದು ಆ ಗಂಟಿನವರೆಗೆ ಬಂದಿದ್ದರೆ ಮಸೆಯುವಾಗ ಗಂಟೇ ಮೊದಲು ಕಲ್ಲಿಗೆ ತಾಗಿ, ಬಾಯಿ ಮೇಲೆದ್ದುಬಿಡುತ್ತದೆ.

ಆಮೇಲೆ ಬಾಯಿ. ಒಂದು ಸ್ಕೇಲಿನ ಅಂಚಿಗೆ ಹಿಡಿಯಿರಿ. ನಡುವೆ ಸ್ವಲ್ಪ ಉಬ್ಬಿದ್ದರೆ ಒಳ್ಳೆಯದೇ, ಎಷ್ಟೋ ಕತ್ತಿಗಳನ್ನು ಹಾಗೇ ಮಾಡಿರುತ್ತಾರೆ. ನಡುವೆ ತಗ್ಗು ಬಿದ್ದು ಬೆಳಕು ಕಂಡರೆ ಕತ್ತಿ ಬಿಡಿ, ಅಥವಾ ಗುಜರಿ ಬೆಲೆಗೆ ಕೇಳಿ. ತಗ್ಗು ಹೋಗಬೇಕಾದರೆ ಬಾಯಿಯನ್ನೆಲ್ಲ ಕೆತ್ತಬೇಕಾಗುತ್ತದೆ.

ದಪ್ಪ ಅಳೆಯುವ ಕ್ಯಾಲಿಪರ್ ಇದ್ದರೆ ಅಳೆದೂ ನೋಡಬಹುದು. ಬೆನ್ನಿನಿಂದ ಬಾಯಿಯವರೆಗೆ ಅಗಲ 16 ಮಿ.ಮೀ., ಬೆನ್ನಿನ ದಪ್ಪ 4.5 ಮಿ.ಮೀ. ಇದ್ದರೆ ಕೋನ ಸುಮಾರು 16 ಡಿಗ್ರಿ, ಅದು ಸರಿ. ಅಗಲ ಅಷ್ಟೇ ಇದ್ದು ಬೆನ್ನು 3.5ಕ್ಕೆ ಇಳಿದಿದ್ದರೆ ಕೋನ ಹನ್ನೆರಡೂವರೆ ಡಿಗ್ರಿ, ಬಾಯಿ ನಿಲ್ಲದೆ ಬೇಗ ಚಿಪ್ಪೇಳುತ್ತದೆ. ಮನೆಗೆ ತಂದ ಮೇಲಾದರೆ ಬಾಯಿಗೂ ಬೆನ್ನಿಗೂ ಮಾರ್ಕರ್ ಬಳಿದು, ನುಣುಪು ಕಲ್ಲಿನ ಮೇಲೆ ಒತ್ತದೆ ಒಂದು ಸಲ ಎಳೆಯಿರಿ. ಮಸಿ ಎಲ್ಲಿ ಉಳಿಯುತ್ತದೋ ಅಲ್ಲಿ ಕಲ್ಲು ತಾಗುತ್ತಿಲ್ಲ.

ಬಾಯಿಗೆ ಸೀಳು ಬಿದ್ದಿದ್ದರೆ ಅಥವಾ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಬೇರೆ ಏನೂ ನೋಡಬೇಡಿ, ವಾಪಸ್ ಇಡಿ. ಬೆನ್ನಿನ ಪಟ್ಟಿ ತುಸು ಏರುಪೇರಾಗಿ, ಬಾಯಿ ನೇರ ಇದ್ದರೆ ಬೆಲೆ ಇಳಿಸಿ ಕೇಳಿ ತಗೊಳ್ಳಿ. ಅಂಥದ್ದನ್ನು ಮಸೆಯುವಾಗ ಬೆನ್ನಿಗೆ ವಯರಿಂಗ್ ಟೇಪ್ ಒಂದು ಪದರ ಸುತ್ತಿದರೆ ಇನ್ನಷ್ಟು ಸವೆಯುವುದು ತಪ್ಪುತ್ತದೆ. ಕಾಕಾ ನನ್ನ ಕತ್ತಿಗೆ ಟೇಪ್ ಕೂಡ ಸುತ್ತಲಿಲ್ಲ. "ಚಹಾ ಕುಡಿ," ಅಂದರು ಅಷ್ಟೇ.