ಹುಣಸೆ ಮರ ನಕ್ಷೆಗೆ ಬಂದದ್ದು

ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಕಡತ ಹೊತ್ತವನು ನಾನು. ಬೇರೆಯವರ ಅರ್ಜಿಗೆ ‘ಪೂರಕ ದಾಖಲೆ ಲಗತ್ತಿಸಿಲ್ಲ’ ಎಂದು ಹಿಂಬರಹ ಬರೆದದ್ದಕ್ಕೆ ಲೆಕ್ಕವಿಲ್ಲ. ಕಿಟಕಿಯ ಆಚೆ ಬದಿಯಲ್ಲಿ ನಿಲ್ಲುವ ಸರದಿ ಬಂದದ್ದು ನಿವೃತ್ತಿಯಾದ ಮೇಲೆ, ಎಂಬತ್ತನಾಲ್ಕು ವರ್ಷದ ಅವ್ವನಿಗೆ ಒಂದು ಕೋಣೆ ಕಟ್ಟಿಸಲು ಹೊರಟಾಗ.

ನಮ್ಮ ಮನೆ ತುಮಕೂರಿನಲ್ಲಿ, ಶೆಟ್ಟಿಹಳ್ಳಿ ಕಡೆ. 1994ರಲ್ಲಿ ಕಟ್ಟಿಸಿದ್ದು. ನಲವತ್ತು ಅರವತ್ತರ ನಿವೇಶನ, ಪೂರ್ವಕ್ಕೆ ಬಾಗಿಲು, ಹಿಂದೆ ಹದಿನೇಳು ಅಡಿ ಖಾಲಿ ಜಾಗ. ಆ ಜಾಗದ ನೈಋತ್ಯ ಮೂಲೆಯಲ್ಲಿ ಒಂದು ಹುಣಸೆ ಮರ. ನಾವು ನೆಟ್ಟದ್ದಲ್ಲ. ಇಲ್ಲಿ ಹೊಲವಿದ್ದ ಕಾಲದ ಬದುವಿನ ಮರ, ಬಡಾವಣೆಯಾದಾಗ ನಮ್ಮ ಪಾಲಿಗೆ ಬಂತು. ಗುಬ್ಬಿ ಹತ್ತಿರದ ಊರಿನಲ್ಲಿ ಒಬ್ಬಳೇ ಇದ್ದ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ಅವಳನ್ನು ಅಲ್ಲಿ ಬಿಡುವ ಹಾಗಿರಲಿಲ್ಲ. ಮನೆಯಲ್ಲಿದ್ದ ಎರಡು ಕೋಣೆಗೂ ಶೌಚಾಲಯ ದೂರ. ಹಿಂದೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡಂತೆ ಸ್ನಾನದ ಮನೆ, ಒಟ್ಟು ಒಂದೂವರೆ ಚದರಕ್ಕಿಂತ ಸ್ವಲ್ಪ ಹೆಚ್ಚು: ಇಷ್ಟೇ ಬೇಕಿದ್ದದ್ದು.

ಎಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಬರೆದುಕೊಟ್ಟರು. ಚೆನ್ನಾಗಿತ್ತು. ಅಡುಗೆಮನೆಯ ಕೊಳವೆಗೆ ಸ್ನಾನದ ಮನೆಯ ಕೊಳವೆ ಸೇರಿಸಲು ಅನುಕೂಲವಾಗಲಿ ಎಂದು ಕೋಣೆಯನ್ನು ದಕ್ಷಿಣಕ್ಕೆ ಒತ್ತರಿಸಿದ್ದರು. ಅದರ ಮೂಲೆ ನೇರ ಹುಣಸೆಯ ಬುಡದ ಮೇಲೆ ಕೂತಿತ್ತು. ನಕ್ಷೆಯಲ್ಲಿ ಮರವೇ ಇರಲಿಲ್ಲ. ಅವರನ್ನು ದೂರುವುದಿಲ್ಲ. ‘ಮರ ತೆಗೆಸುತ್ತೇನೆ ಬಿಡಿ’ ಎಂದವನು ನಾನೇ.

ಮನೆ ಕಟ್ಟಲು ಅನುಮತಿ ಕೊಡುವವರೇ ಮರ ಕಡಿಯಲೂ ಅನುಮತಿ ಕೊಡುತ್ತಾರೆ ಎಂದು ನಂಬಿದ್ದೆ. ಸರ್ಕಾರಿ ನೌಕರನಾಗಿದ್ದವನಿಗೇ ಈ ತಿಳಿವಳಿಕೆ. ಎರಡಕ್ಕೂ ಸೇರಿಸಿ ಒಂದೇ ಅರ್ಜಿ ಬರೆದುಕೊಂಡು ಮಹಾನಗರ ಪಾಲಿಕೆಗೆ ಹೋದೆ. ಅಲ್ಲಿದ್ದ ಹುಡುಗಿ ಓದಿ, ನಗುತ್ತಲೇ ಅದನ್ನು ನನ್ನ ಕಡೆ ತಿರುಗಿಸಿಟ್ಟಳು. ಕಟ್ಟಡದ ವಿಷಯ ನಗರ ಯೋಜನಾ ಶಾಖೆಗೆ ಸೇರಿದ್ದು, ಅದು ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 299ನೇ ಕಲಂ ಪ್ರಕಾರ. ಮರದ ವಿಷಯ ಅರಣ್ಯ ಇಲಾಖೆಯದು, ಅದಕ್ಕೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅದೂ 1976ರದ್ದೇ. ಒಂದೇ ವರ್ಷ ಹುಟ್ಟಿದ ಎರಡು ಕಾಯ್ದೆಗಳು, ಒಂದರ ಕಡತಕ್ಕೆ ಇನ್ನೊಂದರ ಮುಖಪರಿಚಯವಿಲ್ಲ. ಮಹಾನಗರ ಪಾಲಿಕೆ ಇಲ್ಲದೆ ನಗರಸಭೆ, ಪುರಸಭೆ ಇರುವ ಊರಿನವರು ಕಟ್ಟಡಕ್ಕೆ 1964ರ ಪುರಸಭೆಗಳ ಕಾಯ್ದೆ ನೋಡಬೇಕು. ಮರದ ಕಾಯ್ದೆ ಎಲ್ಲರಿಗೂ ಒಂದೇ.

ವಾರ್ಡಿನಲ್ಲಿ ಓಡಾಡುವ ಮುಖಂಡರೊಬ್ಬರಿಂದ ಶಿಫಾರಸು ಪತ್ರ ತಂದರೆ ಬೇಗ ಆಗುತ್ತದೆ ಎಂದು ಬೀದಿಯಲ್ಲಿ ಇಬ್ಬರು ಹೇಳಿದರು. ಕೌನ್ಸಿಲ್ ಸಭೆಯಲ್ಲಿ ಕೈ ಎತ್ತಿ ನಮ್ಮ ಕೋಣೆಯನ್ನು ಯಾರೂ ಮಂಜೂರು ಮಾಡುವುದಿಲ್ಲ. ಅದು ಆಯುಕ್ತರ ಹೆಸರಿನಲ್ಲಿ ಅಧಿಕಾರಿಗಳು ಮಾಡುವ ಕೆಲಸ. ಪತ್ರ ತರಲಿಲ್ಲ.

ಅರಣ್ಯ ಇಲಾಖೆಗೆ ಬೇರೆ ಅರ್ಜಿ ಹಾಕಿದೆ. ‘ವಾಸದ ಮನೆ ವಿಸ್ತರಣೆಗೆ ಸದರಿ ಮರವು ಅಡ್ಡಿಯಾಗಿರುವುದರಿಂದ’ ಎಂದು ನನ್ನ ಹಳೆಯ ಕೈಬರಹದ ಗತ್ತಿನಲ್ಲೇ ಬರೆದೆ. ಸ್ಥಳ ತನಿಖೆಗೆ ಬಂದ ಅಧಿಕಾರಿಗೆ ನನ್ನ ಮಗನಷ್ಟು ವಯಸ್ಸು. ಎದೆಮಟ್ಟದಲ್ಲಿ ಟೇಪು ಸುತ್ತಿದರು: ಆರು ಅಡಿ ಎರಡು ಅಂಗುಲ ಸುತ್ತಳತೆ. ಬುಡಕ್ಕೆ ಕಲ್ಲಿನಿಂದ ತಟ್ಟಿ ಕಿವಿಗೊಟ್ಟರು. ಟೊಳ್ಳಿರಲಿಲ್ಲ. ಆಮೇಲೆ ನಕ್ಷೆ ಕೇಳಿದರು.

“ಸಾರ್, ಇದರಲ್ಲಿ ಮರ ಎಲ್ಲಿದೆ?”

ಪೆನ್ನಿನಿಂದ ಒಂದು ಸೊನ್ನೆ ಸುತ್ತಿ ತೋರಿಸಿದೆ.

“ಇಷ್ಟು ಜಾಗ ಉತ್ತರಕ್ಕೆ ಖಾಲಿ ಬಿಟ್ಟಿದ್ದೀರಿ. ಕೋಣೆ ನಾಲ್ಕು ಅಡಿ ಆ ಕಡೆ ಹೋದರೆ ಏನಾಗುತ್ತದೆ ಸಾರ್?”

ಏನೂ ಆಗುತ್ತಿರಲಿಲ್ಲ. ಏಳು ಅಡಿ ಕೊಳವೆ ಹೆಚ್ಚು ಬೇಕಾಗುತ್ತಿತ್ತು. ನಾನು ಉತ್ತರ ಕೊಡದೆ ನಿಂತದ್ದನ್ನು ನೋಡಿ, ಅರ್ಜಿಯನ್ನು ತಿರಸ್ಕರಿಸುತ್ತೇನೆ ಎಂದೂ ಹೇಳಲಿಲ್ಲ, ಮಂಜೂರು ಮಾಡುತ್ತೇನೆ ಎಂದೂ ಹೇಳಲಿಲ್ಲ. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ಆ ಮಾತೇ ಬೇರೆ ಎಂದು ವಿವರಿಸಿದರು. ಅನುಮತಿ ಸಿಕ್ಕಿದರೂ ಬದಲಿ ಗಿಡ ನೆಡುವ ಷರತ್ತು ಇರುತ್ತದೆ ಎಂದರು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ನಂಥವಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ನಮ್ಮ ಹುಣಸೆಗೆ ಆ ಭಾಗ್ಯ, ಅಥವಾ ದುರ್ಭಾಗ್ಯ, ಇರಲಿಲ್ಲ.

ಮಾರನೆಯ ದಿನ ಅರ್ಜಿ ಹಿಂದಕ್ಕೆ ಪಡೆದೆ. ನನಗೆ ಮರದ ಮೇಲೆ ಕವಿಗಳಿಗಿರುವಷ್ಟು ಪ್ರೀತಿಯೇನಿಲ್ಲ. ಆದರೆ ಆ ಪಡುವಣ ಗೋಡೆಗೆ ಏಪ್ರಿಲ್ ಬಿಸಿಲು ತಾಗದೆ ಇರುವುದು ಆ ಮರದಿಂದ. ಹಣ್ಣು ಬಿಡುವ ವರ್ಷ ಮನೆಗೆ ಸಾಕಾಗಿ ಮಿಕ್ಕದ್ದನ್ನು ತುಮಕೂರು ಎಪಿಎಂಸಿಗೆ ಒಯ್ಯುವವರಿಗೆ ಕೊಟ್ಟರೆ ನಾಲ್ಕು ಕಾಸೂ ಬರುತ್ತದೆ. ಹುಣಸೆ ವ್ಯಾಪಾರಕ್ಕೆ ಹೆಸರಾದ ಊರಿನಲ್ಲಿ ಹುಣಸೆ ಕಡಿಸಿ ಅಂಗಡಿಯಲ್ಲಿ ಹುಳಿ ಕೊಳ್ಳುವುದು ನನ್ನ ಲೆಕ್ಕಕ್ಕೆ ಹೊಂದಲಿಲ್ಲ.

ಒಪ್ಪದವಳು ಅವ್ವ. “ಅಲ್ಲ ಕಣಪ್ಪ, ಹುಣಸೆ ಮರದ ನೆರಳಲ್ಲಿ ಮಲಗು ಎನ್ನುತ್ತೀಯಲ್ಲ, ದೆವ್ವ ಬಂದು ಕಾಲು ಎಳೆದರೆ ಏಳುವುದಕ್ಕೂ ಆಗುವುದಿಲ್ಲ ನನಗೆ” ಎಂದಳು. ಪಕ್ಕದ ಮನೆಯವರೂ ಅವಳ ಕಡೆಗೇ. ಎಲೆ ಅವರ ತಾರಸಿಯ ನೀರಿನ ಕೊಳವೆಗೆ ಸಿಕ್ಕಿಕೊಳ್ಳುತ್ತದೆ, ಆ ದೂರು ನಿಜವೂ ಹೌದು. ಕೊನೆಗೆ ಕೈಹಿಡಿದದ್ದು ವಾಸ್ತು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಆದರೂ ‘ನೈಋತ್ಯ ಮೂಲೆಯಲ್ಲಿ ಭಾರ ಇರಬೇಕು ಅವ್ವ, ಶಾಸ್ತ್ರ’ ಎಂದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಇರಲಿ ಎಂದಳು.

ಈ ಸಲ ಎಂಜಿನಿಯರ್ ಕೈಲಿ ಮೊದಲು ಮರ ಬರೆಸಿದೆ, ಆಮೇಲೆ ಕೋಣೆ. ಕಾಂಡದ ಮಧ್ಯದಿಂದ ಎರಡು ಕಾಂಪೌಂಡಿಗೂ ಇರುವ ದೂರ, ಸುತ್ತಳತೆ, ಕೊಂಬೆ ಎಲ್ಲಿಯವರೆಗೆ ಹರಡಿದೆ ಎಂಬ ಚುಕ್ಕಿಗೆರೆ, ಎಲ್ಲವೂ ಅಳತೆಯ ಸಮೇತ. ಹೊಸ ಗೋಡೆ ಕಾಂಡದಿಂದ ಆರು ಅಡಿ ದೂರಕ್ಕೆ ಹೋಯಿತು. ಅಷ್ಟು ಸಾಲದು ಎನ್ನುವವರಿದ್ದಾರೆ, ಅವರ ಮಾತು ತಪ್ಪಲ್ಲ. ನಮ್ಮದು ಕೆಮ್ಮಣ್ಣು, ಮೂರಡಿ ಕೆಳಗೆ ಗರಸು. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರುಕು ಬಿಡುವ ಎರೆಮಣ್ಣಾಗಿದ್ದರೆ ಈ ಧೈರ್ಯ ಮಾಡುತ್ತಿರಲಿಲ್ಲ.

ಹೊಸ ನಕ್ಷೆಯ ಜೊತೆ ಅರಣ್ಯ ಇಲಾಖೆಗೆ ಎರಡನೇ ಅರ್ಜಿ: ಕಡಿಯಲು ಅಲ್ಲ, ಚಾವಣಿಯ ಮೇಲೆ ಬರುವ ಎರಡು ಕೊಂಬೆ ಸವರಲು ಮಾತ್ರ. ನಮ್ಮದೇ ಹಿತ್ತಲಿನ ಕೊಂಬೆಗೂ ಅರ್ಜಿಯೇ ಎಂದು ನಕ್ಕವರಿದ್ದಾರೆ. ತೊಡೆ ಗಾತ್ರದ ಕೊಂಬೆ ಕೆಳಗೆ ಬಿದ್ದ ಮೇಲೆ ‘ಸವರಿದ್ದು’ ಎಂದರೆ ಯಾರು ನಂಬುತ್ತಾರೆ? ಯಾವ ಕೊಂಬೆ ಎಂದು ಸುಣ್ಣ ಬಳಿದು, ಫೋಟೋ ತೆಗೆದು ಲಗತ್ತಿಸಿದೆ. ಇದಕ್ಕೆ ಒಪ್ಪಿಗೆ ಬಂತು. ಅದರ ಪ್ರತಿಯನ್ನು ಕಟ್ಟಡದ ಅರ್ಜಿಗೆ ಸೇರಿಸಿದೆ. ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಕೊಟ್ಟ ಕಾಗದ ಕಡತದಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದು ಗುಮಾಸ್ತನಿಗೆ ಗೊತ್ತು.

ಕಟ್ಟಡದ ಅರ್ಜಿಗೆ ಬೇಕಾದದ್ದು ಕ್ರಯಪತ್ರ, ಇ-ಖಾತೆ, ಚಾಲ್ತಿ ವರ್ಷದ ಕಂದಾಯ ರಸೀದಿ, ಋಣಭಾರ ಪತ್ರ, ಹಳೆಯ ಮಂಜೂರಾದ ನಕ್ಷೆ. ಕೊನೆಯದು ಟ್ರಂಕಿನ ತಳದಲ್ಲಿ ಸಿಕ್ಕಿತು, ಮಡಿಕೆಯ ಗೆರೆಗಳಲ್ಲಿ ಹರಿದು ಎಂಟು ತುಂಡಾಗಿ. ಅದನ್ನು ಮೇಜಿನ ಮೇಲೆ ಜೋಡಿಸಿದಾಗ ನನಗೆ ಬೆವರು ಬಂತು. 2006ರಲ್ಲಿ ಉತ್ತರದ ಕಾಂಪೌಂಡಿಗೆ ಅಂಟಿಸಿ ಒಂದು ಶೀಟಿನ ಬಚ್ಚಲು ಕಟ್ಟಿಸಿದ್ದೆ. ಆಗ ಯಾರನ್ನೂ ಕೇಳಿರಲಿಲ್ಲ. ಬಿಡಬೇಕಾದ ಖಾಲಿ ಜಾಗದಲ್ಲಿ ಅದು ಹದಿನೆಂಟು ವರ್ಷ ರಾಜಾರೋಷವಾಗಿ ನಿಂತಿತ್ತು. ಅನುಮತಿಯಿಲ್ಲದೆ ಕಟ್ಟಿದ್ದನ್ನು ತೆಗೆಸಲು ಅದೇ ಕಾಯ್ದೆಯಲ್ಲಿ 321ನೇ ಕಲಂ ಇದೆ. ಆ ಕಲಮಿನ ನೋಟಿಸ್ ಬಂದು ಪಕ್ಕದವರ ಬಾಯಿಗೆ ಬೀಳುವುದಕ್ಕಿಂತ ನಾನೇ ಕೆಡವುವುದು ಮೇಲು ಅನ್ನಿಸಿತು. ಒಂದು ಭಾನುವಾರ ಇಬ್ಬರು ಆಳು, ಎರಡು ಸುತ್ತಿಗೆ, ಮಧ್ಯಾಹ್ನಕ್ಕೆ ಮುಗಿಯಿತು. ಹೆಂಡತಿ ಮಾತ್ರ ಈಗಲೂ ಆ ಬಚ್ಚಲಿನ ಹಂಡೆಯ ಒಲೆಯನ್ನು ನೆನೆಸಿಕೊಂಡು ನನ್ನನ್ನು ಬೈಯುತ್ತಾಳೆ.

ಅರ್ಜಿ ಕೊಟ್ಟಾಗ, ಸರ್ಕಾರಿ ಸೇವೆಗೆ ಗಡುವು ಹಾಕುವ ‘ಸಕಾಲ’ ವ್ಯವಸ್ಥೆಯ ಹದಿನೈದು ಅಂಕಿಯ ಸಂಖ್ಯೆ ಕೇಳಿ ಪಡೆದೆ. ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿ, ಹೆಚ್ಚೆಂದರೆ ಐನೂರು, ಅರ್ಜಿದಾರನಿಗೆ ಪರಿಹಾರ. ಐನೂರು ರೂಪಾಯಿಯ ಆಸೆಗಲ್ಲ. ಆ ಸಂಖ್ಯೆ ಇದ್ದರೆ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಲು ಒಂದು ಬಾಯಿ ಇರುತ್ತದೆ. ಒಂದು ಆಕ್ಷೇಪಣೆ ಬಂತು: ಖಾತೆಯಲ್ಲಿ ನಲವತ್ತು ಅಡಿ ಇದ್ದದ್ದು ಸ್ಥಳದಲ್ಲಿ ಮೂವತ್ತೊಂಬತ್ತು ಅಡಿ ನಾಲ್ಕು ಅಂಗುಲ. ಕಡಿಮೆ ಅಳತೆಗೆ ನಕ್ಷೆ ತಿದ್ದಿಸಿದೆವು. ಮಂಜೂರಾತಿ ಬಂತು.

ಕೊಂಬೆ ಸವರಿದ್ದು ಮಾರ್ಚಿನಲ್ಲಿ, ಹಣ್ಣು ಬಡಿದಾದ ಮೇಲೆ, ಮಳೆಗೆ ಮುಂಚೆ. ಬೀದಿಯ ತಂತಿ ಹತ್ತಿರವಿದ್ದದ್ದರಿಂದ ಬೆಸ್ಕಾಂನವರಿಗೆ ಹೇಳಿ ಒಂದು ಗಂಟೆ ವಿದ್ಯುತ್ ತೆಗೆಸಿದ್ದೆ. ಮರ ಕಡಿಯುವವನು ಹತ್ತಿ ಮೇಲಿನಿಂದ ನೇರ ಗರಗಸ ಇಟ್ಟ. ಮೊದಲ ಕೊಂಬೆ ಮುಕ್ಕಾಲು ತುಂಡಾಗುತ್ತಲೇ ತನ್ನ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಎರಡು ಅಡಿ ಉದ್ದಕ್ಕೆ ಸೀಳಿಕೊಂಡು ಬಿತ್ತು. ಬಾಳೆ ಸಿಪ್ಪೆ ಸುಲಿದ ಹಾಗೆ. ಅವನನ್ನು ಕೆಳಗಿಳಿಸಿ ಚಹಾ ಕೊಟ್ಟು, ಎರಡನೆಯದಕ್ಕೆ ನಾನು ಹೇಳಿದ ಹಾಗೆ ಮಾಡಿಸಿದೆ: ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ಯುವುದು, ಅದಕ್ಕಿಂತ ನಾಲ್ಕು ಬೆರಳು ಮುಂದೆ ಮೇಲಿನಿಂದ ಕೊಯ್ದು ಭಾರ ಇಳಿಸುವುದು, ಉಳಿದ ಮೋಟನ್ನು ಬುಡದ ಉಬ್ಬು ಉಳಿಸಿ ತೆಗೆಯುವುದು. ಉಬ್ಬಿನ ಅಂಚಿನಿಂದಲೇ ಹೊಸ ತೊಗಟೆ ಬೆಳೆದು ಗಾಯ ಮುಚ್ಚುವುದು. ಸೀಳಿದ ಕಡೆ ಅಡಿಕೆ ತೋಟದವರಿಂದ ತಂದ ಬೋರ್ಡೊ ಮುಲಾಮು, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ್ದು, ಬಳಿದೆ. ಆ ಸೀಳು ಇನ್ನೂ ಮುಚ್ಚಿಲ್ಲ.

ಪಾಯ ತೆಗೆಯುವ ದಿನ ನಾನು ಕುರ್ಚಿ ಹಾಕಿಕೊಂಡು ಅಲ್ಲೇ ಕೂತೆ. ಮರದ ಕಡೆಯ ಪಿಲ್ಲರಿನ ಗುಂಡಿ ನಾಲ್ಕಡಿ ಅಗಲ. ಎರಡೂವರೆ ಅಡಿ ಆಳಕ್ಕೆ ಹೋಗುವಷ್ಟರಲ್ಲಿ ಹಾರೆಗೆ ಬೇರೆ ಸದ್ದು ಬಂತು. ಮಣ್ಣು ಸರಿಸಿದರೆ ಒಂದು ಬೇರು, ನನ್ನ ತೋಳಿನ ಗಾತ್ರ, ಗುಂಡಿಯ ಈ ಗೋಡೆಯಿಂದ ಆ ಗೋಡೆಗೆ. ಹಾರೆಯ ಏಟು ಬಿದ್ದಲ್ಲಿ ತೊಗಟೆ ಎದ್ದು ಒಳಗೆ ಹಸಿ ಕೆಂಪು ಕಾಣುತ್ತಿತ್ತು. ಮೇಸ್ತ್ರಿ ಆಗಲೇ ಕೊಡಲಿ ತರಲು ಹೇಳಿಯಾಗಿತ್ತು. “ಒಂದು ಬೇರಲ್ಲವಾ ಸ್ವಾಮಿ” ಎಂದ. ಕೊಂಬೆ ತೆಗೆದಿರುವುದೂ ಈ ಬದಿಯದೇ, ಈಗ ಬೇರೂ ಇದೇ ಬದಿಯದು ಹೋದರೆ ಆಷಾಢದ ಗಾಳಿಗೆ ಮರ ಹೇಗೆ ನಿಂತೀತು?

ಎಂಜಿನಿಯರ್ ಬರುವವರೆಗೆ ಕೆಲಸ ನಿಲ್ಲಿಸಿ, ಬೇರಿಗೆ ಒದ್ದೆ ಗೋಣಿ ಸುತ್ತಿಸಿದೆ. ಅವರು ಬಂದು ಗುಂಡಿಯಲ್ಲಿ ಇಳಿದು ನೋಡಿ, ಪಿಲ್ಲರನ್ನು ಎರಡೂವರೆ ಅಡಿ ಒಳಗೆ ಸರಿಸಿದರು. ಮೂಲೆಯ ಗೋಡೆಯನ್ನು ಹೊರಲು ನೆಲಮಟ್ಟದ ಬೀಮನ್ನು ಅಷ್ಟು ಉದ್ದ ಹೊರಚಾಚಿಸಿ, ಕಬ್ಬಿಣ ಹೆಚ್ಚಿಸಿದರು. ಬೀಮಿಗೂ ಬೇರಿಗೂ ನಡುವೆ ಮಣ್ಣು ಬಿಟ್ಟೆವು. ಗೋಡೆಯ ಗೆರೆ ಬದಲಾಗದ ಕಾರಣ ಮಂಜೂರಾದ ಅಳತೆ ಹಾಗೆಯೇ ಉಳಿಯಿತು. ಸರಿಸಿದ ಪಿಲ್ಲರನ್ನು ಗುರುತಿಸಿದ ನಕ್ಷೆಗೆ ಅವರ ಸಹಿ ಹಾಕಿಸಿ ಇಟ್ಟುಕೊಂಡೆ. ಇದರಿಂದ ಹನ್ನೊಂದು ಸಾವಿರ ಹೆಚ್ಚು ಖರ್ಚಾಯಿತು, ಮೂರು ದಿನ ಹೋಯಿತು.

ಕೋಣೆ ಮುಗಿದು ಅವ್ವ ಬಂದು ಈಗ ಏಳು ತಿಂಗಳು. ಮುಕ್ತಾಯದ ವರದಿ ಸಲ್ಲಿಸಿದ್ದೇನೆ. ಏಪ್ರಿಲ್‌ನಲ್ಲಿ ಶೇಕಡ ಐದರ ರಿಯಾಯಿತಿ ಇರುವಾಗಲೇ, ಹೆಚ್ಚಾದ ಚದರಡಿ ಸೇರಿಸಿ ಕಂದಾಯ ಕಟ್ಟಬೇಕು. ರಾತ್ರಿ ಗಾಳಿ ಬೀಸಿದರೆ ಒಣ ಹುಣಸೆಕಾಯಿ ಚಾವಣಿಯ ಮೇಲೆ ಟಪ್ಪೆಂದು ಬೀಳುತ್ತವೆ. ಅವ್ವ ಒಳಗಿನಿಂದಲೇ ಕೂಗಿ ಕೇಳುತ್ತಾಳೆ, ಯಾರದು ಎಂದು. ಬೆಳಗ್ಗೆ ಕೋಲೂರಿಕೊಂಡು ಹಿತ್ತಲಿಗೆ ಹೋಗಿ, ಬಿದ್ದದ್ದರಲ್ಲಿ ಯಾವುದು ಹುಳ ಹಿಡಿದದ್ದು ಯಾವುದು ಒಳ್ಳೆಯದು ಎಂದು ಮೊಮ್ಮಗನ ಕೈಲಿ ಬೇರೆ ಮಾಡಿಸುತ್ತಾಳೆ.