ಶುಕ್ರವಾರವನ್ನು ಹಾರಿಸಿ ರವಿವಾರಕ್ಕೆ ಓಡುತ್ತಿದ್ದ ನನ್ನ ಪ್ರಸಂಗಗಳು

ಸಭಾಪಾಲಕನಾಗಿ, ಅಂದರೆ ಚರ್ಚಿನ ಪಾದ್ರಿಯಾಗಿ, ಅದು ನನಗೆ ಮೂರನೇ ವರ್ಷ. ಗದಗ ಕಡೆಯ ಒಂದು ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಯೇಸು ಸಾವಿನಿಂದ ಎದ್ದ ರವಿವಾರದ ಹಬ್ಬ ಈಸ್ಟರ್ ಮುಗಿದು ಹದಿನೈದು ದಿನ ಆಗಿರಬೇಕು, ಸಭೆಯ ಒಬ್ಬ ತಾಯಿಯ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಇನ್ನೂ ಮದುವೆಯಾಗದ ಹುಡುಗ. ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಪ್ರಾರ್ಥನೆ ಇಟ್ಟಿದ್ದರು. ನನ್ನ ತಲೆಯಲ್ಲಿ ಈಸ್ಟರ್ ಪ್ರಸಂಗ (ಪೀಠದಿಂದ ಮಾಡುವ ಉಪದೇಶ) ಇನ್ನೂ ಬಿಸಿಬಿಸಿಯಾಗಿತ್ತು. ಅದನ್ನೇ ಬಡಿಸಿದೆ. ಕರ್ತನು ಎದ್ದಿದ್ದಾನೆ, ಮರಣ ಸೋತಿದೆ, ಅಳಬೇಡಿ ಅಮ್ಮಾ ಅಂದೆ.

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದರು: “ಅಯ್ನೋರ, ಮರಿಯಳೂ ಗೋರಿ ಮುಂದ ನಿಂತು ಅತ್ತಿದ್ಲಲ್ರೀ. ನನಗ್ಯಾಕ ಅಳಬ್ಯಾಡ ಅಂತೀರಿ?”

ಮಗ್ದಲದ ಮರಿಯಳು ಯೇಸುವಿನ ಗೋರಿಯ ಮುಂದೆ ಅತ್ತದ್ದು: ಯೋಹಾನನ ಸುವಾರ್ತೆ, 20ನೇ ಅಧ್ಯಾಯ, 11ನೇ ವಚನ. ಹದಿನೈದು ದಿನದ ಹಿಂದೆ ಅದನ್ನು ಪೀಠದಿಂದ ಓದಿದವನು ನಾನೇ. ಕೇಳಿಸಿಕೊಂಡವರು ಅವರು. ನಾನು ಸುಮ್ನೆ ಕೂತೆ.

ಮನೆಗೆ ಬಂದು ಹಳೆಯ ಪ್ರಸಂಗಗಳ ನೋಟ್‌ಬುಕ್ ತೆಗೆದು ನೋಡಿದೆ. ನಮ್ಮಲ್ಲಿ ಯೇಸು ಸತ್ತ ದಿನವಾದ ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಆರಾಧನೆ. ಶಿಲುಬೆಯ ಮೇಲೆ ಯೇಸು ಆಡಿದ 7 ಮಾತುಗಳ ಮೇಲೆ 7 ಪ್ರಸಂಗ. ಬಿಸಿಲಿನ ಕಾಲ, ಕರೆಂಟ್ ಇದ್ದರೆ ಫ್ಯಾನ್, ಜನ ಉಪವಾಸ. ಅಂಥ ಜನರ ಮುಂದೆ ನಾನು ಏಳಕ್ಕೆ ಏಳು ಪ್ರಸಂಗವನ್ನೂ ಒಂದೇ ಥರ ಮುಗಿಸಿದ್ದೆ: “ಆದರೆ ಮೂರನೇ ದಿನ...” ಅಂತ. ಶಿಲುಬೆಯ ಹತ್ತಿರ ಎರಡು ನಿಮಿಷವೂ ನಿಂತಿರಲಿಲ್ಲ.

ಆಮೇಲೆ ಒಂದು ಕಟ್ಟು ಹಾಕಿಕೊಂಡೆ. ಶುಕ್ರವಾರ ರವಿವಾರದ ಮಾತು ಎತ್ತಬಾರದು. ಹೇಳುವಷ್ಟು ಸುಲಭ ಅಲ್ಲ ಇದು. “ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ” ಅನ್ನುವ ಕೂಗು ಬಂದ ಕೂಡಲೇ ನಮ್ಮಂಥವರಿಗೆ ನಾಲಿಗೆ ತುರಿಸುತ್ತದೆ. ಇದು 22ನೇ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಸ್ತೋತ್ರದಲ್ಲಿ ಮುಗಿಯುತ್ತದೆ, ಆದ್ದರಿಂದ ಗಾಬರಿ ಬೇಡ ಅಂತ ಹೇಳಿಬಿಡುತ್ತೇವೆ. ಮಾತು ನಿಜವೇ. ಆದರೆ ಮಾರ್ಕ ಆ ಮೊದಲ ಸಾಲನ್ನಷ್ಟೇ ಬರೆದು ನಿಲ್ಲಿಸಿದ್ದಾನೆ. ಅವನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಮಾತು ಅದೊಂದೇ. ಉಳಿದವು ಲೂಕನಲ್ಲಿ 3, ಯೋಹಾನನಲ್ಲಿ 3. ಮೊದಲು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸುತ್ತಿದ್ದೆ. ಈಗ ಮಾರ್ಕನನ್ನು ಓದುವಾಗ ಮಾರ್ಕನೊಬ್ಬನನ್ನೇ ಓದುತ್ತೇನೆ. ಆ ಕೂಗಿಗೆ ಉತ್ತರ ಕೊಡುವುದಿಲ್ಲ. ಗೀತೆಯೂ ಇಲ್ಲದೆ ಒಂದು ನಿಮಿಷ ಸುಮ್ನಿರುತ್ತೇವೆ. ಆ ಒಂದು ನಿಮಿಷ ಬಹಳ ಉದ್ದ ಅನ್ನಿಸುತ್ತದೆ.

ನನಗೆ ಜಾಸ್ತಿ ಕೆಲಸ ಕೊಟ್ಟದ್ದು ಆರನೇ ಮಾತು. ಯೋಹಾನ 19:30, ನಮ್ಮ ಹಳೆಯ ಕನ್ನಡ ಬೈಬಲ್ ಸತ್ಯವೇದದಲ್ಲಿ ಒಂದೇ ಪದ: “ತೀರಿತು.” ಗ್ರೀಕಿನಲ್ಲಿ ತೆತೆಲೆಸ್ತಾಯ್. ಸಾಲ ತೀರಿದ ರಸೀದಿಯ ಮೇಲೆ ಇದೇ ಪದ ಬರೆಯುತ್ತಿದ್ದರು ಅಂತ ಅನೇಕರು ಪ್ರಸಂಗ ಮಾಡುತ್ತಾರೆ. ನಾನೂ ಮಾಡಿದ್ದೆ. ಆಮೇಲೆ ಕೆದಕಿ ನೋಡಿದರೆ ಅದಕ್ಕೆ ಆಧಾರ ಗಟ್ಟಿ ಇಲ್ಲ. ಬಿಟ್ಟುಬಿಟ್ಟೆ. ನಿಜ ಹೇಳಬೇಕೆಂದರೆ ಕನ್ನಡದವರಿಗೆ ಆ ರಸೀದಿ ಬೇಕಾಗಿಯೇ ಇಲ್ಲ. ಸಾಲ ತೀರಿತು, ಹರಕೆ ತೀರಿತು ಅನ್ನುತ್ತೇವೆ. ಸತ್ತವರನ್ನು ತೀರಿಕೊಂಡರು ಅನ್ನುತ್ತೇವೆ. ಬಾಯಾರಿಕೆಯೂ ತೀರುತ್ತದೆ, ಅಲ್ವಾ? ಎರಡು ವಚನ ಹಿಂದೆ ತಾನೇ ಆತ “ನೀರಡಿಕೆಯಾಗಿದೆ” ಅಂದಿರುವುದು. ಇಷ್ಟೂ ಅರ್ಥ ಜನರ ಬಾಯಲ್ಲೇ ಇದೆ. ಪ್ರಸಂಗಿ ಆ ಪದವನ್ನು ಅವರ ಮುಂದೆ ಇಟ್ಟು ಸರಿದು ನಿಂತರೆ ಸಾಕು.

ಆದರೂ ಒಂದು ವರ್ಷ ಸಾಲದ ಹೋಲಿಕೆಯನ್ನೇ ಎಳೆದೆ. ಕೇಳುವವರು ರೈತರು. ಸೊಸೈಟಿ ಸಾಲ, ಬೇಬಾಕಿ ಪತ್ರಕ್ಕೆ ಅಲೆದಾಟ, ಎಲ್ಲ ಗೊತ್ತು. ಶಿಲುಬೆ ಅಂದರೆ ನಮ್ಮ ಬೇಬಾಕಿ ಪತ್ರ ಅಂದೆ. ತಲೆ ಅಲ್ಲಾಡಿಸಿದರು. ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರು ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು: “ಸಾಲ ಯಾರಿಗೆ ಕೊಡೂದಿತ್ರೀ ಅಯ್ನೋರ? ಅಪ್ಪಗs? ಅಪ್ಪ ಮಗನ ಜೀವಾ ತಗೊಂಡು ಸಾಲಾ ಮುಟ್ಟಿಸ್ಕೊಂಡ್ನೇನು?”

ಇದು ಶತಮಾನಗಳ ಜಗಳ. 4ನೇ ಶತಮಾನದ ಬಿಷಪ್ ನಿಸ್ಸದ ಗ್ರೆಗೊರಿ ಆ ಬೆಲೆ ಸೈತಾನನಿಗೆ ಸಂದಿತು ಅಂದ. 11ನೇ ಶತಮಾನದ ಕೊನೆಯಲ್ಲಿ ಅನ್ಸೆಲ್ಮ್ ಅನ್ನುವ ಇನ್ನೊಬ್ಬ ಬಿಷಪ್ ಅದನ್ನು ಒಪ್ಪದೆ, ದೇವರ ಗೌರವಕ್ಕೆ ಸಲ್ಲಬೇಕಾದದ್ದು ಸಂದಿತು ಅಂದ. ಇದನ್ನೆಲ್ಲ ಆ ಹಿರಿಯರಿಗೆ ಹೇಳಲಿಲ್ಲ. ಮುಂದಿನ ವರ್ಷ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರದ ಒಂದು ಮಾತು ಹಿಡಿದೆ, 2 ಕೊರಿಂಥ 5:19. ದೇವರು ಕ್ರಿಸ್ತನಲ್ಲಿದ್ದುಕೊಂಡೇ ಲೋಕವನ್ನು ತನ್ನೊಂದಿಗೆ ಸೇರಿಸಿಕೊಳ್ಳುತ್ತಿದ್ದನು. ಅಂದರೆ ದೇವರು ಆಚೆ ಕೂತು ಎಣಿಸಿಕೊಂಡವನಲ್ಲ, ಶಿಲುಬೆಯ ಮೇಲೇ ಇದ್ದವನು. ಹೋಲಿಕೆ ಹೋಲಿಕೆಯೇ, ಅದರ ಮೂಗು ಹಿಡಿದು ಎಲ್ಲಿಗೂ ಎಳೆಯಬಾರದು ಅಂತ ಗೊತ್ತಾಯಿತು.

ನಮ್ಮ ಸಭೆಯಲ್ಲಿ ಹೆಚ್ಚಿನ ಮನೆಗಳು ಕೇರಿಯವು. ಅವರಿಗೆ ಮುಟ್ಟಿದ್ದು ಬೇರೆಯೇ ಒಂದು ವಚನ, ಇಬ್ರಿಯ 13:12. ಯೇಸು ಸತ್ತದ್ದು ಪಟ್ಟಣದ ಬಾಗಿಲಿನ ಆಚೆ. ರೋಮಿನವರು ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಸಾವು ಅದು, ನಾಲ್ಕು ಜನ ನೋಡಲಿ ಅಂತಲೇ ಕೊಡುತ್ತಿದ್ದದ್ದು. ಊರ ಹೊರಗೆ ಅಂದರೆ ಏನು ಅಂತ ಆ ಜನರಿಗೆ ನಾನು ವಿವರಿಸಬೇಕಾಗಲಿಲ್ಲ. (ಇನ್ನೊಂದು ಮಾತು. ಯೆಹೂದ್ಯರು ಕೊಂದರು ಅಂತ ಪೀಠದಿಂದ ಹೇಳುವುದನ್ನು ನಿಲ್ಲಿಸಬೇಕು. ತೀರ್ಪು ಕೊಟ್ಟವನು ರೋಮಿನ ಅಧಿಪತಿ ಪಿಲಾತ, ಸತ್ತವನು ಸ್ವತಃ ಯೆಹೂದ್ಯ. ಆ ಮಾತಿನಿಂದ ಯೂರೋಪಿನಲ್ಲಿ ಎಷ್ಟು ರಕ್ತ ಹರಿದಿದೆ!)

ಇನ್ನು ಈಸ್ಟರ್. ಮೊದಲೆಲ್ಲ ವಕೀಲನ ಹಾಗೆ ಸಾಕ್ಷಿ ಒಪ್ಪಿಸುತ್ತಿದ್ದೆ. ಬರಿದಾದ ಸಮಾಧಿ, ಎದ್ದ ಯೇಸುವನ್ನು ಕಂಡ ಪೇತ್ರ, ಹನ್ನೆರಡು ಮಂದಿ ಶಿಷ್ಯರು, 500ಕ್ಕೂ ಹೆಚ್ಚು ಸಹೋದರರು. ಕಂಡವರ ಆ ಪಟ್ಟಿ 1 ಕೊರಿಂಥ 15ರಲ್ಲಿ ಇದೆ, ಅದು ಬೇಕು ಕೂಡ. ಕ್ರಿಸ್ತ ಎದ್ದಿಲ್ಲ ಅಂದರೆ ನಮ್ಮ ಪ್ರಸಂಗಕ್ಕೆ ಹುರುಳೇ ಇಲ್ಲ ಅಂತ ಪೌಲ ಅಲ್ಲೇ ಹೇಳುತ್ತಾನೆ. ಆದರೆ ಪಟ್ಟಿ ಕೇಳಿ ಯಾರ ಮುಖವೂ ಬದಲಾಗಿದ್ದನ್ನು ನಾನು ಕಂಡಿಲ್ಲ.

ಬದಲಾದದ್ದು ಕೆಂಡದ ಕಥೆಗೆ. ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಕೆಂಡದ ಹತ್ತಿರ ಚಳಿ ಕಾಯಿಸಿಕೊಳ್ಳುತ್ತಾ ಶಿಷ್ಯ ಪೇತ್ರ ಮೂರು ಸಲ ಆತನನ್ನು ಅಲ್ಲಗಳೆದ. ಎದ್ದುಬಂದ ಯೇಸು ಸಮುದ್ರದ ದಡದಲ್ಲಿ ಕೆಂಡದ ಮೇಲೆ ಮೀನು ಇಟ್ಟು, ರೊಟ್ಟಿ ಕೊಟ್ಟು, ಅದೇ ಪೇತ್ರನನ್ನು ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಅಂತ. ಆ ಎರಡು ಬೆಂಕಿಗೂ ಯೋಹಾನ ಒಂದೇ ಗ್ರೀಕ್ ಪದ ಬಳಸಿದ್ದಾನೆ, ಅಂತ್ರಾಕಿಯಾ. ಹೊಸ ಒಡಂಬಡಿಕೆಯಲ್ಲಿ ಆ ಪದ ಇನ್ನೆಲ್ಲೂ ಇಲ್ಲ. ಮೊದಲು ತುತ್ತು, ಆಮೇಲೆ ಪ್ರಶ್ನೆ. ಗಾಯದ ಕೈಯಿಂದ ಕೊಟ್ಟ ತುತ್ತು. ಪುನರುತ್ಥಾನ ಆ ಗಾಯಗಳನ್ನು ಅಳಿಸಲಿಲ್ಲ, ನಂಬದ ಶಿಷ್ಯ ತೋಮನಿಗೆ ತೋರಿಸಿದ್ದು ಅವುಗಳನ್ನೇ. ಇದನ್ನು ಹೇಳಿದ ವರ್ಷ, ಅಣ್ಣನ ಜೊತೆ ಮಾತು ಬಿಟ್ಟಿದ್ದ ಒಬ್ಬ ಗಂಡಸು ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡು ಏನೂ ಹೇಳದೆ ಹೋದರು.

ಈಸ್ಟರ್ ಮುಂಜಾನೆಯ ಆರಾಧನೆ ನಮ್ಮದು ಸ್ಮಶಾನದಲ್ಲಿ. ಕತ್ತಲಿರುವಾಗಲೇ ಮೇಣದಬತ್ತಿ, ಸೇವಂತಿಗೆ ಹಿಡಿದು ಬರುತ್ತಾರೆ. ಮರಿಯಳು ಯೇಸುವನ್ನು ತೋಟಗಾರ ಅಂದುಕೊಂಡಳು, ಹೆಸರು ಹಿಡಿದು ಕರೆದ ಮೇಲೆ ಗುರುತು ಹಿಡಿದಳು. ಅದನ್ನು ಓದಿ ಮುಗಿಸಿ, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಓದುವ ರೂಢಿ ಮಾಡಿದ್ದೇನೆ. ಅಳುವವರು ಅಳುತ್ತಾರೆ. ಮೊದಲ ವರ್ಷ ಒಂದು ಹೆಸರು ಬಿಟ್ಟುಹೋಗಿತ್ತು. ಹಿಂದಿನಿಂದ ಆ ತಾಯಿ ಜೋರಾಗಿ ಕೂಗಿ ಹೇಳಿದರು. ಪೆನ್ನು ತೆಗೆದು ಚೀಟಿಯ ಕೆಳಗೆ ಬರೆದುಕೊಂಡು, ಅದನ್ನೂ ಓದಿದೆ.