ರಿಸೀವರ್‌ನ ಬೆನ್ನು ನೋಡಿ ಕೊಂಡೆ

ನಮ್ಮ ಮನೆಯ ಹಳೇ ಎವಿ ರಿಸೀವರ್, ಅಂದರೆ ಸೆಟ್ ಟಾಪ್ ಬಾಕ್ಸ್ ಥರದ ಪೆಟ್ಟಿಗೆಗಳ ಚಿತ್ರವನ್ನು ಟಿವಿಗೆ, ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಯಂತ್ರ, ಕೈಕೊಟ್ಟಿದ್ದು ಏಪ್ರಿಲ್ ತಿಂಗಳ ಗುಡುಗು ಮಳೆಗೆ. ಸಿಡಿಲು ಮನೆ ಮೇಲೇ ಬೀಳಬೇಕು ಅಂತೇನಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಸಾಕು, ತಾರಸಿಯ ಡಿಶ್‌ನಿಂದ ಬರುವ ಕೇಬಲ್ ಹಿಡಿದು ಸೆಟ್ ಟಾಪ್ ಬಾಕ್ಸ್‌ಗೆ ಇಳಿಯುತ್ತದೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ರಿಸೀವರ್‌ಗೆ. ಮಾರನೇ ದಿನ ಟಿವಿ ಪರದೆ ಕಪ್ಪಗಿತ್ತು, ಸದ್ದೂ ಇರಲಿಲ್ಲ. ರಿಸೀವರ್ ಮುಂದಿನ ದೀಪ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಉರಿಯುತ್ತಿತ್ತು.

ಹೊಸದು ಹುಡುಕುವ ಮುಂಚೆ ಯಾವ ಭಾಗ ಹೋಗಿದೆ ಅಂತ ನೋಡಿದೆ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ರಿಸೀವರ್‌ನಲ್ಲೇ ಇರುವ ಎಫ್‌ಎಂ ರೇಡಿಯೋ ಹಾಕಿದೆ. ಐದೂ ಸ್ಪೀಕರ್‌ಗಳಲ್ಲಿ ಸದ್ದು ಬಂತು, ಬೇಸ್‌ಗೆಂದೇ ಇರುವ ಸಬ್‌ವೂಫರ್ ಕೂಡ ಗುಮ್ಮೆಂದಿತು. ಅಂದರೆ ಆಂಪ್ಲಿಫೈಯರ್ ಗಟ್ಟಿಯಾಗಿದೆ. ಸೆಟ್ ಟಾಪ್ ಬಾಕ್ಸ್ ಅನ್ನು ನೇರ ಟಿವಿಗೆ ಹಾಕಿದರೆ ಚಿತ್ರ ಸರಿ ಬಂತು. ಎಚ್‌ಡಿಎಂಐ ಮೂಲಕ ರಿಸೀವರ್‌ನ ಮೆನು ಕೂಡ ಟಿವಿಯಲ್ಲಿ ಕಾಣಲಿಲ್ಲ. ಅಲ್ಲಿಗೆ ಎಚ್‌ಡಿಎಂಐ ಬೋರ್ಡ್ ಹೋಗಿದೆ ಅಂತ ಖಾತ್ರಿಯಾಯಿತು. ಬೆಂಗಳೂರಿನ ಎಸ್‌ಪಿ ರಸ್ತೆ ಕಡೆಯ ರಿಪೇರಿಯವರೊಬ್ಬರು ಮುಚ್ಚಳ ತೆಗೆದು ನೋಡಿ, "ಬೋರ್ಡ್ ಸಿಗೋದಿಲ್ಲ ಸರ್, ಸಿಕ್ಕರೂ ಇದಕ್ಕೆ ಹಾಕೋ ದುಡ್ಡು ದಂಡ" ಅಂದರು. ಹತ್ತು ವರ್ಷ ದಾಟಿದ ಮಾಡೆಲ್, ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಒಂದಷ್ಟು ಕಾಲ ಹಾಗೇ ನಡೆಸಿದೆವು. ಎಲ್ಲ ಪೆಟ್ಟಿಗೆಗಳನ್ನೂ ಟಿವಿಗೆ ಹಾಕಿ, ಟಿವಿಯ ಆಪ್ಟಿಕಲ್ ಔಟ್‌ನಿಂದ ಒಂದೇ ತಂತಿ ರಿಸೀವರ್‌ಗೆ. ಆಪ್ಟಿಕಲ್‌ನಲ್ಲಿ ಹಳೇ ಡಾಲ್ಬಿ ಡಿಜಿಟಲ್ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಚೆನ್ನಾಗಿಯೇ ಬರುತ್ತದೆ. ತಲೆ ಮೇಲಿಂದಲೂ ಸದ್ದು ಕೇಳಿಸುವ ಅಟ್ಮಾಸ್ ಬರೋದಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಧಾರಾವಾಹಿ, ಕ್ರಿಕೆಟ್, ವಾರಕ್ಕೊಂದು ಸಿನಿಮಾ ನೋಡುವ ಮನೆಗೆ ಇಷ್ಟೇ ಸಾಕು. ನಮ್ಮ ಮನೆಯಲ್ಲಿ ತಕರಾರು ಬಂದದ್ದು ರಿಮೋಟ್ ವಿಷಯಕ್ಕೆ. ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅತ್ತೆಗೆ ಸೀರಿಯಲ್ ಸಮಯಕ್ಕೆ ಎರಡೆರಡು ರಿಮೋಟ್ ಹಿಡಿದು ಕೂರುವ ಫಜೀತಿ.

ಹೊಸದು ಬೇಕೇ ಬೇಕು ಅಂತಾದ ಮೇಲೆ ಮನೆಯಲ್ಲಿ ಈಗ ಏನೇನಿದೆ ಅಂತ ಒಂದು ಹಾಳೆಯಲ್ಲಿ ಬರೆದೆ. ಸ್ಪೀಕರ್‌ಗಳು: 5.1 ಸೆಟ್, 8 ಓಂ (ಕರೆಂಟ್‌ಗೆ ಒಡ್ಡುವ ತಡೆ), ಹಿಂದಿನ ಚೀಟಿಯಲ್ಲಿ 88 ಡಿಬಿ (ಡೆಸಿಬೆಲ್, ಸದ್ದಿನ ಅಳತೆ). ಸ್ಪೀಕರ್‌ಗಳಿಗೆ ರಿಸೀವರ್ ಹಾಗೆ ಬೇಗ ವಯಸ್ಸಾಗೋದಿಲ್ಲ, ಬದಲಿಸುವ ಅಗತ್ಯ ಇರಲಿಲ್ಲ. (ಡಿವಿಡಿ ಪ್ಲೇಯರ್ ಸಮೇತ ಒಂದೇ ಡಬ್ಬದಲ್ಲಿ ಬಂದ ಹೋಮ್ ಥಿಯೇಟರ್ ಇದ್ದರೆ ಹುಷಾರು. ಅವುಗಳ ಸ್ಪೀಕರ್‌ಗಳು ಎಷ್ಟೋ ಸಲ 3 ಅಥವಾ 4 ಓಂ ಇರುತ್ತವೆ, ಪ್ಲಗ್ ಕೂಡ ಆ ಕಂಪನಿಯದ್ದೇ. ಬೇರೆ ರಿಸೀವರ್‌ಗೆ ಹೊಂದೋದು ಕಷ್ಟ.) ಟಿವಿ: 4ಕೆ, ಎಚ್‌ಡಿಎಂಐ ತೂತುಗಳಲ್ಲಿ ಒಂದರ ಪಕ್ಕ ಇಎಆರ್‌ಸಿ ಅಂತ ಅಚ್ಚಾಗಿದೆ (ಅದೇನು ಅಂತ ಮುಂದೆ ಹೇಳುತ್ತೇನೆ). ಪೆಟ್ಟಿಗೆಗಳು: ಸೆಟ್ ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಮಗನ ಗೇಮ್ ಕನ್ಸೋಲ್. ಕೊನೆಗೆ ಅಪ್ಪನ ಟರ್ನ್‌ಟೇಬಲ್ ಮತ್ತು ಅಲಮಾರು ತುಂಬ ಎಲ್‌ಪಿಗಳು. ಹಾಲ್ 11 ಅಡಿ ಅಗಲ, 16 ಅಡಿ ಉದ್ದ. ಸೋಫಾ ಟಿವಿಯಿಂದ ಸುಮಾರು 3 ಮೀಟರ್.

ಈ ಹಾಳೆ ಹಿಡಿದು ಅಂಗಡಿಗೆ ಹೋದೆ. ಅಲ್ಲಿ ಮೊದಲು ಕಿವಿಗೆ ಬಿದ್ದದ್ದು ವಾಟ್.

"ಇದು ತಗೊಳ್ಳಿ ಸರ್, ಪ್ರತಿ ಚಾನೆಲ್‌ಗೆ 150 ವಾಟ್."

"ಎಷ್ಟು ಚಾನೆಲ್ ಒಟ್ಟಿಗೆ ಓಡುವಾಗ?"

ಚಾನೆಲ್ ಅಂದರೆ ಇಲ್ಲಿ ಒಂದೊಂದು ಸ್ಪೀಕರ್‌ಗೆ ಹೋಗುವ ದಾರಿ. ಅಂಗಡಿಯವರು ನಕ್ಕು ಬ್ರೋಷರ್ ಕೊಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: 6 ಓಂ, 1 ಕಿಲೋಹರ್ಟ್ಸ್, 10% ಡಿಸ್ಟಾರ್ಷನ್, 1 ಚಾನೆಲ್. ಒಂದೇ ಸ್ವರವನ್ನು ಒಂದೇ ಸ್ಪೀಕರ್‌ಗೆ ಕೊಟ್ಟು, ಸದ್ದು ಒಡೆದು ಹೋಗುವ ತನಕ ಎತ್ತಿ ಅಳೆದ ಲೆಕ್ಕ ಅದು. ನೋಡಬೇಕಾದ ಸಾಲು ಬೇರೆ: 8 ಓಂ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಶೇಕಡಾ 0.1ಕ್ಕಿಂತ ಕಡಿಮೆ ಡಿಸ್ಟಾರ್ಷನ್, 2 ಚಾನೆಲ್. ಹಾಗೆ ಅಳೆದಾಗ ಅದೇ ಯಂತ್ರ 70, 80 ವಾಟ್‌ಗೆ ಇಳಿಯುತ್ತದೆ. ಐದೂ ಚಾನೆಲ್ ಒಟ್ಟಿಗೆ ದುಡಿದರೆ ಇನ್ನೂ ಕಡಿಮೆ. ಇದು ಮೋಸ ಅಂತ ನಾನು ಹೇಳೋದಿಲ್ಲ, ಅಳತೆ ಕೆಳಗೇ ಬರೆದಿರುತ್ತಾರೆ. ಓದುವವರು ಕಡಿಮೆ, ಅಷ್ಟೇ.

ಹಾಗಾದರೆ ನಮಗೆ ಎಷ್ಟು ಬೇಕು? 88 ಡಿಬಿ ಸ್ಪೀಕರ್ ಅಂದರೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡಿಬಿ ಸದ್ದು. 3 ಮೀಟರ್ ದೂರದ ಸೋಫಾಕ್ಕೆ ಬರುವಾಗ 9, 10 ಡಿಬಿ ಕಳೆಯುತ್ತದೆ. ಗೋಡೆಗಳು ಸ್ವಲ್ಪ ವಾಪಸ್ ಕೊಡುತ್ತವೆ, ಅದನ್ನು ಬಿಡೋಣ. ಉಳಿದದ್ದು 78. ನಾವು ಸಾಮಾನ್ಯವಾಗಿ ಸಿನಿಮಾ ನೋಡೋದು 70ರ ಆಸುಪಾಸು. ಅಂದರೆ ಹೆಚ್ಚಿನ ಹೊತ್ತು ಪ್ರತಿ ಸ್ಪೀಕರ್‌ಗೆ 1 ವಾಟ್ ಕೂಡ ಹೋಗುತ್ತಿರುವುದಿಲ್ಲ! ಬಾಂಬ್ ಸಿಡಿಯುವ ಕ್ಷಣಕ್ಕೆ 80 ವಾಟ್ ಇದ್ದರೆ 97 ಡಿಬಿ ತಲುಪುತ್ತದೆ. ಅಷ್ಟಕ್ಕೇ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. 80ರ ಬದಲು 160 ವಾಟ್ ತಂದರೆ ಜಾಸ್ತಿ ಸಿಗೋದು ಬರೀ 3 ಡಿಬಿ. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಬೇಕಾದರೆ 10 ಡಿಬಿ ಬೇಕು, ಅಂದರೆ ಹತ್ತು ಪಟ್ಟು ವಾಟ್. ಈ ಲೆಕ್ಕ ಆದ ಮೇಲೆ ವಾಟ್ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬಿಟ್ಟೆ.

"ಇದನ್ನ ಸ್ವಲ್ಪ ತಿರುಗಿಸಿ ತೋರಿಸ್ತೀರಾ?" ಅಂದೆ. ಅಂಗಡಿಯವರಿಗೆ ಆಶ್ಚರ್ಯ. ಆದರೆ ರಿಸೀವರ್‌ನ ಜಾತಕ ಇರೋದು ಹಿಂಬದಿಯಲ್ಲೇ. ಮುಂದೆ ಒಂದು ಗುಂಡಿ, ಒಂದು ಡಿಸ್ಪ್ಲೇ, ಎಲ್ಲ ಕಂಪನಿಯದೂ ಒಂದೇ ಥರ. ಹಿಂದೆ ನೋಡಿದರೆ ಗೊತ್ತಾಗುತ್ತದೆ: ಎಚ್‌ಡಿಎಂಐ ಎಷ್ಟು, ಔಟ್ ಪಕ್ಕ ಎಆರ್‌ಸಿ ಅಂತಿದೆಯೋ ಇಎಆರ್‌ಸಿ ಅಂತಿದೆಯೋ, ಟರ್ನ್‌ಟೇಬಲ್ ಸಿಕ್ಕಿಸುವ ಫೋನೋ ಇನ್‌ಪುಟ್ ಇದೆಯೋ ಇಲ್ಲವೋ, ಸ್ಪೀಕರ್ ತಂತಿಗೆ ತಿರುಪಿನ ಟರ್ಮಿನಲ್ಲೋ ಚಿವುಟಿ ತೂರಿಸುವ ಸ್ಪ್ರಿಂಗ್ ಕ್ಲಿಪ್ಪೋ. ನಮ್ಮದು ದಪ್ಪ ತಂತಿ, ಸ್ಪ್ರಿಂಗ್ ಕ್ಲಿಪ್‌ಗೆ ಹೋಗೋದಿಲ್ಲ. ಒಂದು ಮಾಡೆಲ್ ಅಲ್ಲಿಗೇ ಬಿತ್ತು.

ಎಆರ್‌ಸಿ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ದುಡ್ಡು ಉಳಿಯೋದು ಇಲ್ಲೇ. ಟಿವಿಯ ಸದ್ದು ಅದೇ ಎಚ್‌ಡಿಎಂಐ ತಂತಿಯಲ್ಲಿ ರಿಸೀವರ್‌ಗೆ ವಾಪಸ್ ಬರುವ ದಾರಿ ಎಆರ್‌ಸಿ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂತು. ಒಟಿಟಿ ಆಪ್‌ಗಳ 5.1 ಮತ್ತು ಅಟ್ಮಾಸ್ ಎರಡೂ ಡಾಲ್ಬಿ ಡಿಜಿಟಲ್ ಪ್ಲಸ್ ರೂಪದಲ್ಲಿ ಬರುತ್ತವೆ, ಅದಕ್ಕೆ ಮಾಮೂಲಿ ಎಆರ್‌ಸಿ ಸಾಕು. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ ಥರದ ಭಾರೀ ಸದ್ದು ಟಿವಿಯಿಂದ ಬರಬೇಕಾದರೆ ಮಾತ್ರ ಎಆರ್‌ಸಿಯ ಸುಧಾರಿತ ರೂಪವಾದ ಇಎಆರ್‌ಸಿ ಬೇಕು. ಈಗ ಮಗನ ವಾದ ನೋಡಿ: "ಅಪ್ಪಾ, 4ಕೆಯಲ್ಲಿ 120 ಫ್ರೇಮ್ ಬೇಕು, ರಿಸೀವರ್‌ನಲ್ಲಿ ಎಚ್‌ಡಿಎಂಐ 2.1 ಇರಲೇಬೇಕು." ಬೇಕಿಲ್ಲ. ಕನ್ಸೋಲ್ ನೇರ ಟಿವಿಗೆ ಹಾಕು, ಚಿತ್ರ ಅಲ್ಲೇ ಉಳಿಯುತ್ತೆ, ಸದ್ದು ಇಎಆರ್‌ಸಿಯಲ್ಲಿ ರಿಸೀವರ್‌ಗೆ ಬರುತ್ತೆ. ಇಎಆರ್‌ಸಿ ಎರಡೂ ಕಡೆ ಇದ್ದರೆ ರಿಸೀವರ್‌ನಲ್ಲಿ 8ಕೆ ಅಂತ ಬರೆದ ತೂತು ಎಷ್ಟಿವೆ ಅಂತ ಎಣಿಸೋದೇ ಬೇಡ. ಒಂದೇ ಎಚ್ಚರ: ಕೆಲವು ಟಿವಿಗಳು ಡಿಸ್ಕ್‌ಗಳಲ್ಲಿ ಬರುವ ಡಿಟಿಎಸ್ ಅನ್ನುವ ಇನ್ನೊಂದು ಬಗೆಯ ಸದ್ದನ್ನು ಮುಂದೆ ಕಳಿಸೋದಿಲ್ಲ. ಡಿಸ್ಕ್ ಹಾಕುವವರು ಪ್ಲೇಯರನ್ನು ರಿಸೀವರ್‌ಗೇ ಸಿಕ್ಕಿಸಿ.

ಅಟ್ಮಾಸ್‌ಗೆ ಮೇಲ್ಗಡೆ ಸ್ಪೀಕರ್ ಹಾಕಿಸಿ ಅಂತ ಅಂಗಡಿಯವರು ಒತ್ತಾಯ ಮಾಡಿದರು. ನಮ್ಮದು ಆರ್‌ಸಿಸಿ ಚಾವಣಿ, ಫಾಲ್ಸ್ ಸೀಲಿಂಗ್ ಇಲ್ಲ, ಕೊರೆಯೋಕೆ ಮನಸ್ಸಿಲ್ಲ. ಸದ್ದನ್ನು ಚಾವಣಿಗೆ ಎಸೆದು ವಾಪಸ್ ಪಡೆಯುವ ಸ್ಪೀಕರ್ ಇಡಬಹುದು, ಆದರೆ ಸೋಫಾ ಮುಂದೆ ಸರಿಯಾಗಿ ಸದ್ದು ತಟ್ಟುವ ಜಾಗದಲ್ಲೇ ಫ್ಯಾನ್ ತಿರುಗುತ್ತಿರುತ್ತದೆ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಅಟ್ಮಾಸ್ ಕೇಳುವ ಶೋಕಿ ನಮಗಿಲ್ಲ. 5.1 ಸಾಕು ಅಂದೆ.

ಈ ನಡುವೆ ಅಮೆರಿಕದಲ್ಲಿರುವ ಭಾವಮೈದುನ, "ಭಾವ, ಇಲ್ಲಿ ಅರ್ಧ ರೇಟು, ಬರುವಾಗ ತರ್ತೀನಿ" ಅಂದ. ಬೇಡಪ್ಪ ಅಂದೆ. ಅಲ್ಲಿಯ ಯಂತ್ರ 120 ವೋಲ್ಟ್‌ಗೆ ಮಾಡಿದ್ದು, ನಮ್ಮದು 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಕೆಲವು ಕಿಲೋ ಭಾರ, ಅದರದ್ದೇ ಒಂದು ಗುಂಯ್ ಸದ್ದು. ಹಾಳಾದರೆ ಇಲ್ಲಿ ವಾರಂಟಿ ಸಿಗೋದಿಲ್ಲ. ಲಾಪ್‌ಟಾಪ್ ತರಿಸಿದ ಹಾಗಲ್ಲ ಇದು.

ಕೊನೆಗೆ ಉಳಿದದ್ದು ಡೆನನ್ ಎವಿಆರ್-ಎಕ್ಸ್1700ಎಚ್ ಮತ್ತು ಯಮಹಾ ಆರ್‌ಎಕ್ಸ್-ವಿ4ಎ. ಎರಡರದ್ದೂ 80 ವಾಟ್, ಎರಡರಲ್ಲೂ ಇಎಆರ್‌ಸಿ. ಯಮಹಾ 5 ಚಾನೆಲ್, ನಮಗೆ ಬೇಕಾದದ್ದೂ ಅಷ್ಟೇ, ಬೆಲೆಯೂ ಕಡಿಮೆ. ಅಂಗಡಿಯಲ್ಲಿ ಕೇಳಿದಾಗ ಎರಡರ ನಡುವೆ ನನ್ನ ಕಿವಿಗೆ ದೊಡ್ಡ ವ್ಯತ್ಯಾಸ ತಿಳಿಯಲಿಲ್ಲ. ಬೇರೆ ಕೋಣೆ, ಬೇರೆ ಸ್ಪೀಕರ್, ತಿಳಿಯೋದಾದರೂ ಹೇಗೆ? ಡೆನನ್ ಕಡೆ ವಾಲಿಸಿದ್ದು ಅದರ ಬೆನ್ನಿನಲ್ಲಿದ್ದ ಫೋನೋ ಇನ್‌ಪುಟ್. ಅಪ್ಪನ ಟರ್ನ್‌ಟೇಬಲ್‌ಗೆ ಅದರ ಸಣ್ಣ ಸದ್ದನ್ನು ಏರಿಸುವ ಬೇರೆ ಪ್ರಿಆಂಪ್ ಡಬ್ಬಿ, ಅದಕ್ಕೊಂದು ಅಡಾಪ್ಟರ್ ಬೇಡ. ಜೊತೆಗೆ ಡೆನನ್‌ನ ಮುಂದಿನ ಮಾಡೆಲ್ ಎಕ್ಸ್1800ಎಚ್ 2023ರಲ್ಲಿ ಬಂದಿದ್ದರಿಂದ ಎಕ್ಸ್1700ಎಚ್ ರೇಟು ಇಳಿದಿತ್ತು. ಈ ಎರಡು ಡೆನನ್‌ಗಳೂ 7 ಚಾನೆಲ್, 80 ವಾಟ್, ಅದೇ ಆಡಿಸ್ಸಿ ಮಲ್ಟ್‌ಇಕ್ಯೂ ಎಕ್ಸ್‌ಟಿ. ಹೊಸದಕ್ಕೆ ಜಾಸ್ತಿ ಕೊಡಲು ನನಗೆ ಕಾರಣ ಕಾಣಲಿಲ್ಲ. ಉಳಿದ ಎರಡು ಚಾನೆಲ್ ಖಾಲಿ ಕೂತಿವೆ, ಕೂತಿರಲಿ.

ಆಡಿಸ್ಸಿ ಅಂದರೆ ಕೋಣೆ ಅಳೆದು ಸದ್ದು ತಿದ್ದುವ ವ್ಯವಸ್ಥೆ. ಡಬ್ಬದಲ್ಲೇ ಗೋಪುರದ ಆಕಾರದ ಸಣ್ಣ ಮೈಕ್ ಬರುತ್ತದೆ. ನನ್ನ ಪ್ರಕಾರ ಹೊಸ ರಿಸೀವರ್‌ಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ವಸೂಲಾಗೋದು ಇದರಿಂದ, ಪುರುಸೊತ್ತು ಮಾಡಿಕೊಂಡು ಮಾಡಿದರೆ. ಮೊದಲು ಸಬ್‌ವೂಫರ್ ಜಾಗ. ಅದನ್ನು ಎತ್ತಿ ಸೋಫಾದ ಮೇಲೇ ಇಟ್ಟು, ಬೇಸ್ ಜಾಸ್ತಿ ಇರುವ ಹಾಡು ಹಾಕಿ, ನಾನು ಗೋಡೆ ಪಕ್ಕ ಮಂಡಿಯೂರಿ ತೆವಳಿದೆ. ಎಲ್ಲಿ ಬೇಸ್ ಒಂದೇ ಸಮ ಕೇಳಿತೋ ಅಲ್ಲಿ ಸಬ್‌ವೂಫರ್. ದಿವಾನದ ಪಕ್ಕದ ಜಾಗ ಸಿಕ್ಕಿತು. ಮನೆಯವರು ನೋಡಿ ನಕ್ಕಿದ್ದು ಬೇರೆ ವಿಷಯ.

ಆಮೇಲೆ ಮೈಕ್. ಸೋಫಾದ ಬೆನ್ನಿಗೆ ಒರಗಿಸಿ ಇಡಬಾರದು, ಕ್ಯಾಮೆರಾ ಸ್ಟ್ಯಾಂಡ್‌ಗೆ ಸಿಕ್ಕಿಸಿ ಕಿವಿ ಎತ್ತರಕ್ಕೆ ನಿಲ್ಲಿಸಬೇಕು. ಫ್ಯಾನ್ ಆಫ್, ಕಿಟಕಿ ಮುಚ್ಚಿ, ಕುಕ್ಕರ್ ಇಡಬೇಡಿ ಅಂತ ಅಡುಗೆಮನೆಗೆ ಒಂದು ಮನವಿ. ಒಂದೊಂದು ಸ್ಪೀಕರ್‌ನಿಂದಲೂ ಟುಯ್ಯ್ ಟುಯ್ಯ್ ಅಂತ ಸದ್ದು ಬರುತ್ತದೆ. ಎಂಟು ಜಾಗದವರೆಗೆ ಅಳೆಯಬಹುದು. ಮೊದಲನೆಯದು ನಾವು ಕೂರುವ ಮುಖ್ಯ ಜಾಗವೇ ಆಗಿರಬೇಕು, ದೂರದ ಲೆಕ್ಕ ಅಲ್ಲಿಂದಲೇ. ಮುಗಿದ ಮೇಲೆ ಸಬ್‌ವೂಫರ್ ನಿಜವಾದ ದೂರಕ್ಕಿಂತ ಜಾಸ್ತಿ ದೂರದಲ್ಲಿದೆ ಅಂತ ತೋರಿಸಿತು. ಅದು ತಪ್ಪಲ್ಲ. ಸಬ್‌ವೂಫರ್ ಒಳಗಿನ ಸರ್ಕೀಟ್‌ನಲ್ಲಿ ಸದ್ದು ಸ್ವಲ್ಪ ತಡವಾಗುತ್ತದೆ, ಅದನ್ನೂ ಸೇರಿಸಿ ಹೇಳುತ್ತದೆ. ಟೇಪ್ ಹಿಡಿದು ತಿದ್ದೋಕೆ ಹೋಗಬೇಡಿ.

ಕೈಯಿಂದ ಬದಲಿಸಿದ್ದು ಮುಖ್ಯವಾಗಿ ಎರಡು. ಮುಂದಿನ ಸ್ಪೀಕರ್‌ಗಳನ್ನು ಅದು ಲಾರ್ಜ್, ಅಂದರೆ ಬೇಸ್ ಪೂರ್ತಿ ತಾವೇ ಹೊರುವಂಥವು, ಅಂತ ಗುರುತಿಸಿತ್ತು. ಸ್ಮಾಲ್ ಮಾಡಿ, ಕ್ರಾಸ್‌ಓವರ್ (ಸ್ಪೀಕರ್ ಮತ್ತು ಸಬ್‌ವೂಫರ್ ಕೆಲಸ ಹಂಚಿಕೊಳ್ಳುವ ಗಡಿ) 80 ಹರ್ಟ್ಸ್‌ಗೆ ಇಟ್ಟೆ. ಕೆಳಗಿನ ಭಾರ ಸಬ್‌ವೂಫರ್‌ಗೆ ಹೋಯಿತು, ಮುಂದಿನ ಸ್ಪೀಕರ್‌ಗಳು ಹಗುರಾದವು. ಹೆಚ್ಚಾಗಿ ಮಾತು ಬರುವ ಸೆಂಟರ್ ಸ್ಪೀಕರ್ ಮಟ್ಟವನ್ನು 2 ಡಿಬಿ ಏರಿಸಿದೆ. "ಹಾಡು ಕಿವಿ ತೂತಾಗೋ ಹಾಗೆ, ಮಾತು ಮಾತ್ರ ಕೇಳಲ್ಲ" ಅನ್ನುವ ಮನೆಮನೆಯ ದೂರು ಇದೆಯಲ್ವಾ, ಅದಕ್ಕೆ ಮೊದಲ ಔಷಧಿ ಇದು. ರಾತ್ರಿ ಹೊತ್ತು ಡೈನಾಮಿಕ್ ವಾಲ್ಯೂಮ್ ಮೀಡಿಯಂಗೆ ಇಡುತ್ತೇವೆ. ಪಿಸುಮಾತು ಮೇಲೆ ಬರುತ್ತದೆ, ಸ್ಫೋಟ ತಗ್ಗುತ್ತದೆ. ಹಗಲು ಸಿನಿಮಾ ನೋಡುವಾಗ ಮಾತ್ರ ಆಫ್, ಇಲ್ಲದಿದ್ದರೆ ಸಂಗೀತ ಚಪ್ಪಟೆಯಾಗುತ್ತದೆ.

ಇಡುವ ಜಾಗದ ಬಗ್ಗೆಯೂ ಒಂದು ಮಾತು. ಟಿವಿ ಯೂನಿಟ್‌ನ ಗಾಜಿನ ಬಾಗಿಲು ತೆಗೆಸಿಬಿಟ್ಟೆ. ರಿಸೀವರ್ ಮೇಲೆ ಅಂಗೈ ಅಗಲ ಖಾಲಿ ಬಿಟ್ಟಿದ್ದೇನೆ, ಸೆಟ್ ಟಾಪ್ ಬಾಕ್ಸ್ ಅದರ ತಲೆ ಮೇಲೆ ಕೂರಿಸೋದು ಬಂದ್. ಎರಡು ಗಂಟೆ ಓಡಿದರೆ ಮೇಲಿನ ಜಾಲರಿ ಮುಟ್ಟಿ ನೋಡಿ, ಬಿಸಿ ಎಷ್ಟು ಅಂತ ಗೊತ್ತಾಗುತ್ತೆ.

ಅತ್ತೆಯ ರಿಮೋಟ್ ಗೋಳೂ ತೀರಿತು. ಟಿವಿ ಮತ್ತು ರಿಸೀವರ್ ಎರಡರಲ್ಲೂ ಎಚ್‌ಡಿಎಂಐ ಸಿಇಸಿ ಆನ್ ಮಾಡಿದ ಮೇಲೆ ಟಿವಿ ರಿಮೋಟ್‌ನಲ್ಲೇ ರಿಸೀವರ್ ವಾಲ್ಯೂಮ್ ಬದಲಾಗುತ್ತದೆ, ಟಿವಿ ಆರಿಸಿದರೆ ಇದೂ ಮಲಗುತ್ತದೆ. ಬೆಳಗಿನ ವಾರ್ತೆಗೆ ಇಷ್ಟು ದೊಡ್ಡ ಯಂತ್ರ ಯಾಕೆ ಅನ್ನುವವರಿಗೆ ಪಾಸ್‌ಥ್ರೂ ಇದೆ: ರಿಸೀವರ್ ಸ್ಟ್ಯಾಂಡ್‌ಬೈನಲ್ಲಿದ್ದರೂ ಚಿತ್ರ, ಸದ್ದು ಟಿವಿಗೆ ದಾಟುತ್ತವೆ. ಅದಕ್ಕೆ ಸ್ಟ್ಯಾಂಡ್‌ಬೈನಲ್ಲಿ ಕರೆಂಟ್ ಸ್ವಲ್ಪ ಜಾಸ್ತಿ ಎಳೆಯುತ್ತದೆ, ಹಾಗಾಗಿ ಊರಿಗೆ ಹೋಗುವಾಗ ಗೋಡೆಯ ಸ್ವಿಚ್ಚೇ ಆರಿಸುತ್ತೇವೆ.